ಜೋಗಿ ತಾನೇ ಬರೆದುಕೊಂಡ ಒಂದು ಹೊಡೆತ

ಗಜೇಂದ್ರಗಡ
೧೬ ಸೆಪ್ಟೆಂಬರ್ ೨೦೨೫

ಗೆಳೆಯ ಲಾಡಸಾಬನಿಗೆ ಅರ್ಜುನಪ್ಪನ ಸಲಾಂ.

ಇಲ್ಲಿ ನಾನೂ ರೇಣವ್ವನೂ ಆರಾಮ ಇದ್ದೇವೆ. ನೀನು, ಮಗಳು ಕೌಸರ, ಅಳಿಯ ಎಲ್ಲರೂ ನರಗುಂದದಲ್ಲಿ ಚೆನ್ನಾಗಿದ್ದೀರಿ ಎಂದು ತಿಳಿದುಕೊಂಡಿದ್ದೇನೆ. ತಿಳಿದುಕೊಂಡಿದ್ದೇನೆ ಅಷ್ಟೇ, ಕೇಳೋಣವೆಂದರೆ ನೀನು ಫೋನ್ ಎತ್ತುವುದಿಲ್ಲ. ಮೂರು ಭಾನುವಾರ ಆಯಿತು. ಕಾಗದ ತಡವಾಯಿತೆಂದು ಬೈಯಬೇಡ, ನಾಲ್ಕು ಸಲ ಬರೆದು ಹರಿದಿದ್ದೇನೆ. ಚೂರು ಗುಡಿಸುತ್ತಾ ರೇಣವ್ವ, "ಅರವತ್ತೇಳು ವರ್ಷಕ್ಕ ಯಾರಿಗೆ ಲವ್ ಲೆಟರ್ ಬರ್ಯಾಕ ಹತ್ತೀರಿ?" ಎಂದಳು. "ಲಾಡ್ಯಾಗ" ಎಂದೆ. "ಹಂಗಾರ ಖರೇನ ಲವ್ ಲೆಟರ್" ಎಂದು ಕಸ ಚೆಲ್ಲಲು ಹೋದಳು.

ಈ ಕಾಗದದ ಜೊತೆ ಬಟ್ಟೆಯ ಒಂದು ಗಂಟು ಇದೆ. ಪೂರ್ತಿ ಓದಿದ ಮೇಲೆ ಬಿಚ್ಚು.

ಮೊದಲು ಗಾಲ್ಫಿನ ಮಾತು ಮುಗಿಸುತ್ತೇನೆ. ಸಿಟ್ಟು ಒಳಗೆ ಇಟ್ಟುಕೊಂಡರೆ ನನಗೆ ರೊಟ್ಟಿ ಇಳಿಯುವುದಿಲ್ಲ. ಮೊನ್ನೆ ಭಾನುವಾರದ ಪಂದ್ಯ ಒಬ್ಬನೇ ಕುಳಿತು ನೋಡಿದೆ. ಗೆದ್ದವನು ಯಾರು? ಮತ್ತೆ ನಮ್ಮ ಗೌಡ! ಜಗತ್ತಿಗೇ ಒಂದನೇ ನಂಬರು ಅಂತೆ. ಹುಲ್ಲಿನ ಮೇಲೆ ಕಾಲಿಟ್ಟನೆಂದರೆ ಅಪ್ಪನ ಹೊಲಕ್ಕೆ ಬಂದವನ ಹಾಗೆ ನಡೆಯುತ್ತಾನೆ ಎಂದು ಆ ಹೆಸರು ಇಟ್ಟವನೇ ನೀನು. ನಗುವುದಿಲ್ಲ, ಬೈಯುವುದಿಲ್ಲ, ತಪ್ಪುವುದೂ ಇಲ್ಲ. ಅಂಥವನ ಆಟ ನೋಡುವುದಕ್ಕಿಂತ ಗೋಡೆ ಗಡಿಯಾರ ನೋಡುವುದು ಮೇಲು. ಎರಡನೆಯವನು ಭೀಮ್ಯಾ. ಏನು ತೋಳು ಅವನದು! ಗುಡ್ಡದ ಮೇಲಿನ ಕೋಟೆಯಿಂದ ಹೊಡೆದರೆ ಚೆಂಡು ನಮ್ಮ ಬಸ್ ಸ್ಟ್ಯಾಂಡಿಗೆ ಬಿದ್ದೀತು. ಅದೇ ಚೆಂಡನ್ನು ಎರಡು ಗೇಣು ದೂರದ ಕುಣಿಗೆ ತಳ್ಳು ಎಂದರೆ ಪಕ್ಕಕ್ಕೆ ಉರುಳಿಸುತ್ತಾನೆ. ಊರೂರು ದಾಟಿ ಬಂದು ಮನೆ ಹೊಸ್ತಿಲಲ್ಲಿ ಎಡವುವ ಜಾತಿ. ಮೂರನೆಯವನು ನಾವು ಅಳಿಯ ಎಂದು ಕರೆಯುವವನು, ದೀಪಾವಳಿಗೆ ಬಂದ ಅಳಿಯನ ಹಾಗೆ ಮುಖ ಊದಿಸಿಕೊಂಡೇ ಇರುತ್ತಾನೆ. ಚೆಂಡು ಉಸುಕಿಗೆ ಬಿದ್ದರೆ ಚೀಲ ಹೊರುವವನ ಕಡೆ ಕಣ್ಣು ಕೆಕ್ಕರಿಸುತ್ತಾನೆ. ಪಾಪ, ಆ ಚೀಲದವನು ಹೊಡೆದನೇ?

ಇಷ್ಟು ಸಾಲದೆಂದು ಆಟಗಾರರು ಬೇರೆ ಬೇರೆ ಪಂದ್ಯ ಆಡುವ ಎರಡು ಪಾಳಯ ಆಗಿ ಕುಳಿತಿದ್ದಾರೆ. ವರ್ಷಕ್ಕೆ ನಾಲ್ಕು ಸಲ ಎಲ್ಲರೂ ಒಂದು ಕಡೆ ಸೇರಿದರೆ ಹೆಚ್ಚು. ಎರಡು ಅಖಾಡ ಮಾಡಿ, ಇವನಿಗೊಂದು ಗದೆ, ಅವನಿಗೊಂದು ಗದೆ ಕೊಟ್ಟರೆ ದೊಡ್ಡ ಪೈಲವಾನ ಯಾರು ಎಂದು ಹೇಗೆ ತಿಳಿಯಬೇಕು? ತಲೆ ಕೆಟ್ಟು ಹೋಗುತ್ತದೆ.

ನಮಗೆ ಈ ಹುಚ್ಚು ಹತ್ತಿಸಿದ್ದು ನನ್ನ ಮುರಿದ ಕಾಲು. ಆರು ವರ್ಷದ ಹಿಂದೆ ನಾನು ಮಲಗಿದಲ್ಲೇ ಮಲಗಿದ್ದಾಗ, ಎಂಟು ದಿನಕ್ಕೆಂದು ರೋಣದ ಮೇಲಿಂದ ಬರುವ ಬಸ್ಸು ಹಿಡಿದು ಬಂದ ನೀನು ಎರಡು ತಿಂಗಳು ಇದ್ದೆ. ಟೀವಿಯಲ್ಲಿ ಅದು ಇದು ತಿರುಗಿಸುತ್ತಾ ಈ ಆಟಕ್ಕೆ ಬಂದು ನಿಂತೆ. ಆಟ ಹೇಳುವವರು ಪಿಸುಗುಟ್ಟುತ್ತಾರೆ, ಜನ ಉಸಿರು ಹಿಡಿದು ನಿಲ್ಲುತ್ತಾರೆ. ವರ್ಷಗಟ್ಟಲೆ ಮಗ್ಗದ ಲಾಳಿಯ ಸಪ್ಪಳ ಕೇಳಿ ಕಿವಿ ಮಂದವಾದ ನಮ್ಮಿಬ್ಬರಿಗೆ ಹೇಳಿ ಮಾಡಿಸಿದ ಆಟ. ಆದರೆ ಕಡಿಮೆ ಹೊಡೆತಕ್ಕೆ ಮುಗಿಸಿದವನು ಗೆಲ್ಲುತ್ತಾನೆ ಎಂಬುದು ಯಾರಿಗೆ ಗೊತ್ತಿತ್ತು? ಹತ್ತು ದಿನ ನಾವು ಕಟ್ಟಕಡೆಯವನಿಗೆ ಚಪ್ಪಾಳೆ ಹೊಡೆದೆವು. "ಮಗಾ ಎಷ್ಟ ಹೊಡದಾನ ನೋಡಲೇ, ದಣಿವ ಅನ್ನೂದ ಇಲ್ಲ!" ಎಂದು ನೀನು ಕುಣಿದಾಡಿದ್ದು ನೆನೆದರೆ ಈಗಲೂ ನಗು ಬರುತ್ತದೆ. ನೀನು ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ನಾನು ಟೀವಿ ನೋಡುವ ನೆವದಲ್ಲಿ ಮುಖ ಆ ಕಡೆ ತಿರುಗಿಸುತ್ತಿದ್ದೆ.

ಇನ್ನು ಜೋಗಿಯ ಮಾತು. ಅದು ಬಿಟ್ಟು ಉಳಿದದ್ದೆಲ್ಲ ಬರೆದು ಕಾಗದ ಮುಗಿಸೋಣ ಎಂದಿದ್ದೆ, ಆಗಲಿಲ್ಲ.

ನಾವು ಜೋಗಿ ಎಂದು ಕರೆಯುವ ಆ ಆಟಗಾರ ನಲವತ್ತರ ಹತ್ತಿರ ಬಂದವನು, ಬಡಕಲು ದೇಹ, ನಾಲ್ಕು ಸಲ ಎರಡನೆಯವನಾಗಿ ಮನೆಗೆ ಹೋದವನು. ನಮ್ಮಿಬ್ಬರ ಜೀವ ಅವನ ಮೇಲೆ. ನಮ್ಮ ಮಾತು ನಿಂತ ಆ ಭಾನುವಾರ ಮೂರೇ ಕುಣಿ ಉಳಿದಿದ್ದವು, ಅವನೇ ಮುಂದೆ ಇದ್ದ. ಚೆಂಡು ಎತ್ತರದ ಹುಲ್ಲಿನಲ್ಲಿ ಸಿಕ್ಕಿತ್ತು. ಕೋಲು ಇಡುವಾಗ ಹುಲ್ಲು ಅಲುಗಿ ಚೆಂಡು ಒಂದು ಜೋಳದ ಕಾಳಿನಷ್ಟು ಸರಿಯಿತಂತೆ. ಯಾರಿಗೂ ಕಾಣಲಿಲ್ಲ. ಇವನೇ ಕೈ ಎತ್ತಿ ಪಂಚರನ್ನು ಕರೆದು, "ನನ್ನಿಂದ ಸರಿಯಿತು" ಎಂದು ತನ್ನ ಲೆಕ್ಕಕ್ಕೆ ಒಂದು ಹೊಡೆತ ಹೆಚ್ಚು ಬರೆಸಿಕೊಂಡ. ಸೋತದ್ದು ಎಷ್ಟಕ್ಕೆ? ಅದೇ ಒಂದು ಹೊಡೆತಕ್ಕೆ. ನಾನು ತಲೆಯ ಟೋಪಿ ತೆಗೆದು ಟೀವಿಗೆ ಒಗೆದೆ.

ಎಂದಿನಂತೆ ನೀನು ಫೋನ್ ಮಾಡಿದೆ. ನಾನು ಕೂಗಾಡಿದೆ: "ಯಾರೂ ನೋಡಿದ್ದಿಲ್ಲಲೇ! ಬಾಯಿ ಮುಚ್ಕೊಂಡ ಹೊಡದಿದ್ರ ಕಪ್ ಅವಂದ ಆಗತಿತ್ತು. ಹುಚ್ಚ ಸೂಳೆಮಗ!"

ನೀನು ಸಮಾಧಾನದಿಂದ, "ಅವ ನೋಡಿದ್ನಲ್ಲೋ ಅರ್ಜುನ್ಯಾ" ಎಂದೆ. ಮತ್ತೆ, "ಹೂವಪ್ಪ ಮಾಸ್ತರ ಇದ್ದಿದ್ರ ಅವನ ಬೆನ್ನ ಚಪ್ಪರಸ್ತಿದ್ರು" ಎಂದೆ.

ಆ ಹೆಸರು ನೀನು ಎತ್ತಬಾರದಿತ್ತು. ನಮಗೆ ಮಗ್ಗ ಕಲಿಸಿದ ಮಾಸ್ತರದು ಒಂದೇ ನೇಮ ಇತ್ತಲ್ಲ: ಎಳೆ ತಪ್ಪಿದಲ್ಲಿ ನೇಯ್ದವನೇ ದಡಿಗೆ ಒಂದು ಕೆಂಪು ದಾರ ಕಟ್ಟಬೇಕು, ಕೊಳ್ಳುವವರು ಹುಡುಕುವಂತೆ ಆಗಬಾರದು. ಮೂವತ್ತನಾಲ್ಕು ವರ್ಷದ ಹಿಂದೆ ನೇಕಾರರ ಸಂಘದ ಮಗ್ಗದ ಶಾಲೆಯಲ್ಲಿ ತಮ್ಮ ಜಾಗಕ್ಕೆ ಒಬ್ಬ ಮಾಸ್ತರನನ್ನು ಆರಿಸಲು ಅವರು ನಮ್ಮಿಬ್ಬರಿಂದ ಒಂದೊಂದು ಸೀರೆ ನೇಯಿಸಿದರು. ನಿನ್ನ ಸೀರೆಗೆ ಒಂದು ಕೆಂಪು ದಾರ ಇತ್ತು. ನನ್ನದಕ್ಕೆ ಇರಲಿಲ್ಲ. ನಾನು ಮಾಸ್ತರನಾದೆ. ನೀನು ಎರಡು ವರ್ಷದ ಮೇಲೆ ಮಗ್ಗ ಬಿಟ್ಟು ನರಗುಂದದ ಸೀರೆ ಅಂಗಡಿ ಸೇರಿದೆ.

ಇದೆಲ್ಲ ಗೊತ್ತಿದ್ದೂ ನನ್ನ ನಾಲಿಗೆ ಏನು ಆಡಿತು ನೋಡು: "ಕೆಂಪ ದಾರಾ ಕಟ್ಟಿದವ್ರು ಏನ ಗಳಿಸ್ಯಾರ? ನೀ ಕಟ್ಟಿದ್ಯಲ್ಲ, ಅದಕ್ಕ ಮಂದಿ ನೇಯ್ದ ಸೀರಿ ಮಡಚಿಗೋತ ಮುದುಕ ಆದಿ!"

ನೀನು ತಿರುಗಿ ಬೈದಿದ್ದರೆ ಚೆನ್ನಾಗಿತ್ತು. "ಆತ ಬಿಡು" ಎಂದು ಫೋನ್ ಇಟ್ಟೆ. ಬಾಗಿಲಲ್ಲಿ ನಿಂತು ಕೇಳಿದ ರೇಣವ್ವ, "ನಿಮ್ಮ ಕಾಲ ತಿಕ್ಕಿದ ಕೈ ಅದು, ನಾಚಿಕಿ ಬರಂಗಿಲ್ಲೇನು?" ಎಂದಳು. ನಾಚಿಕೆ ಬಂದಿದೆ ಲಾಡಸಾಬ. ಆ ಮಾತಿಗೆ ನಾನು ನಿನ್ನ ಕ್ಷಮೆ ಕೇಳುತ್ತೇನೆ. ಜೋಗಿಯ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಸೋತು ಹೋಗುವಾಗ ಅವನ ಮುಖ ನೋಡಿದೆಯಾ? ತಣ್ಣಗಿತ್ತು. ಗೆದ್ದವನಿಗಿಂತ ತಣ್ಣಗಿತ್ತು. ಅದನ್ನು ನೋಡಿಯೇ ನನ್ನ ಮೈ ಉರಿದದ್ದು.

ಊರ ಸುದ್ದಿ ಹೆಚ್ಚೇನಿಲ್ಲ. ಸಂಘದ ಮಗ್ಗದ ಶಾಲೆಯಲ್ಲಿ ಈಗ ಕಲಿಯುವವರು ಐದೇ ಮಂದಿ. ಬಸ್ ಸ್ಟ್ಯಾಂಡ್ ಎದುರಿನ ಮಿರ್ಚಿ ಅಂಗಡಿಯವನು, "ನಿಮ್ಮ ದೋಸ್ತ ಯಾವಾಗ ಬರ್ತಾರ್ರಿ?" ಎಂದು ಕೇಳುತ್ತಾನೆ. ಏನು ಹೇಳಲಿ? ಮೊಣಕಾಲು ನೋವಿಗೆ ಔಷಧ ತಪ್ಪಿಸಬೇಡ. ಕೌಸರಳಿಗೆ ನನ್ನ ಆಶೀರ್ವಾದ, ಅವಳ ಮಕ್ಕಳು ಚೆನ್ನಾಗಿ ಓದಲಿ. ನಿನಗೆ ದೇವರು ಗಟ್ಟಿ ಆಯುಷ್ಯ ಕೊಡಲಿ, ನನ್ನಂಥವನನ್ನು ತಾಳಿಕೊಂಡದ್ದಕ್ಕಾದರೂ.

ನಿನ್ನ
ಅರ್ಜುನ್ಯಾ

ತಾ.ಕ.: ಗಂಟಿನಲ್ಲಿ ಇರುವುದು ನನ್ನ ಆ ಸೀರೆ. ಮಾಸ್ತರು ನೆನಪಿಗೆ ಇಟ್ಟುಕೋ ಎಂದು ನನಗೇ ಕೊಟ್ಟಿದ್ದರು. ರೇಣವ್ವನಿಗೆ ಒಂದು ದಿನವೂ ಉಡಲು ಕೊಡಲಿಲ್ಲ, ಜಂಬಕ್ಕೆ ಕಾಯ್ದು ಇಟ್ಟಿದ್ದೇನೆಂದು ಅವಳು ತಿಳಿದಿದ್ದಾಳೆ. ಸೆರಗಿನಿಂದ ಹದಿನಾಲ್ಕು ಬೆರಳು ಒಳಗೆ ಎರಡು ಎಳೆ ತಪ್ಪಿವೆ. ನೇಯುವಾಗಲೇ ನನಗೆ ಕಂಡಿತ್ತು. ಮಾಸ್ತರ ಕಣ್ಣು ಆಗಲೇ ಮಂಜಾಗಿತ್ತು, ನಾನು ಆ ಭಾಗ ಒಳಗೆ ಬರುವಂತೆ ಮಡಚಿ ಕೊಟ್ಟೆ. ಅವರು ನನ್ನ ಹೆಸರು ಹೇಳಿದ ಮೇಲೆ ನೀನು ಸೀರೆ ಬಿಡಿಸಿ ಕೈಯಾಡಿಸಿದೆ. ನಿನ್ನ ಬೆರಳು ಅಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ನನ್ನ ಮುಖ ನೋಡದೆ, "ಚಲೋ ಬಂದೈತಲೇ" ಎಂದು ನೀನೇ ಮಡಚಿ ನನ್ನ ಕೈಗಿಟ್ಟೆ. ಇವತ್ತು ದಡಿಗೆ ಕೆಂಪು ದಾರ ಕಟ್ಟಿದ್ದೇನೆ. ದಾರದ ಗಂಟು ಸಡಿಲ ಬಿದ್ದಿದೆ. ಮನಸ್ಸಾದರೆ ನೀನು ಬಿಗಿ ಮಾಡು.