ಎಡಗಡೆಯ ಕೋರೆಹಲ್ಲು

ತಾರೀಕು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಮ್ಮನ ಮುತ್ತುಗಳು. ಹೇಗಿದ್ದೀಯ? ನಿನ್ನ ಪತ್ರ ಬಂದು ವಾರ ಕಳೆದಿದೆ. ಲ್ಯಾಬಿನಲ್ಲಿ ಕೆಲಸ ಜಾಸ್ತಿಯಿತ್ತು, ಉತ್ತರ ತಡವಾಯಿತು, ಬೈಯಬೇಡ. ಬೈಯುವುದಾದರೂ ಹೇಗೆ, ಫೋನನ್ನೇ ಎತ್ತುವುದಿಲ್ಲ ಎಂದು ಶಪಥ ಮಾಡಿದವಳು ನೀನು. ನಿನ್ನ ಅಪ್ಪ ದಿನಾ ಸಂಜೆ ಫೋನು ಹಿಡಿದುಕೊಂಡು ಬಾಲ್ಕನಿಗೆ ಹೋಗುತ್ತಾರೆ. ಅದು ರಿಂಗಾಗಿ ರಿಂಗಾಗಿ ನಿಂತ ಮೇಲೆ, ಬಂದ ಕೆಲಸವೇ ಅದು ಎನ್ನುವಂತೆ ಗಿಡಕ್ಕೆ ನೀರು ಹಾಕಿ ಒಳಗೆ ಬರುತ್ತಾರೆ. ಹೀಗೇ ಆದರೆ ಆ ಗಿಡ ಕೊಳೆತುಹೋಗುತ್ತದೆ. ಅದರ ಮುಖ ನೋಡಿಯಾದರೂ ಒಂದು ಸಲ ಎತ್ತು.

ಬೆಂಕಿಪೊಟ್ಟಣದಲ್ಲಿ ಹತ್ತಿ ಸುತ್ತಿ ನೀನು ಕಳಿಸಿದ ಮೇಣದ ಹಲ್ಲು ತಲುಪಿದೆ. ತುದಿ ಕೂಡ ಮುಕ್ಕಾಗಿಲ್ಲ. "ನನ್ನನ್ನ ಫೇಲ್ ಮಾಡಿದ ಹಲ್ಲು ಇದೇ, ನೋಡ್ಕೋ" ಎಂದು ಬರೆದಿದ್ದೀಯಲ್ಲ, ನೋಡಿಕೊಂಡೆ. ಲ್ಯಾಬಿಗೆ ಒಯ್ದು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿದೆ. ಪಕ್ಕದ ಮೇಜಿನ ಗಂಟುಮೋರೆಯಣ್ಣ ನಿನಗೆ ಗೊತ್ತಲ್ಲ, ಯಾರ ಕೆಲಸವನ್ನೂ ಹೊಗಳದ ಪ್ರಾಣಿ, ಅವನೂ ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಯಾರದಿದು, ಕೈ ಚೆನ್ನಾಗಿದೆ ಎಂದ. ಇಷ್ಟು ವರ್ಷ ಪಕ್ಕದಲ್ಲೇ ಕೂತು ಹಲ್ಲು ಕೆತ್ತಿದ ನನಗೆ ಒಂದು ದಿನವೂ ಹಾಗೆ ಅಂದವನಲ್ಲ, ಪಾಪಿ.

ಆದರೂ ಮಗಳೇ, ಅವರು ಕೇಳಿದ್ದು ಮೇಲ್ದವಡೆಯ ಬಲಗಡೆಯ ಕೋರೆಹಲ್ಲು. ನೀನು ಕೆತ್ತಿಕೊಟ್ಟಿದ್ದು ಎಡಗಡೆಯದು. ಪರೀಕ್ಷಕರ ಮೇಲೆ ನನಗೆ ಸಿಟ್ಟು ಬರುತ್ತಿಲ್ಲ. ಬಲಗಡೆ ಹಲ್ಲು ಬಿದ್ದವನಿಗೆ ಎಡಗಡೆಯದು ಎಷ್ಟು ಚಂದವಿದ್ದರೆ ಏನು ಬಂತು?

ಇದು ಹೇಗಾಯಿತು ಎಂದು ನಾನು ಯೋಚಿಸುತ್ತಲೇ ಇದ್ದೆ. ಮೊನ್ನೆ ಮೇಜು ಒರೆಸುವಾಗ ಆಚೆ ಬದಿಯಲ್ಲಿ ನಿನ್ನ ಹಳೆಯ ಸ್ಟೂಲು ಕಂಡಿತು, ಆಗ ಹೊಳೆಯಿತು. ಶಾಲೆ ಬಿಟ್ಟ ಮೇಲೆ ಲ್ಯಾಬಿಗೆ ಬಂದು ಅದರ ಮೇಲೆ, ನನ್ನ ಎದುರಿಗೆ ಕೂರುತ್ತಿದ್ದೆ. ನಿನ್ನ ಬಾಯಿ ಮುಚ್ಚಿಸಲು ನಾನು ಒಂದು ಮೇಣದ ತುಂಡು ಕೊಡುತ್ತಿದ್ದೆ. ನಾನು ಮಾಡಿದಂತೆಯೇ ನೀನೂ ಮಾಡುತ್ತಿದ್ದೆ, ಕನ್ನಡಿಯಲ್ಲಿ ಮಾಡಿದ ಹಾಗೆ. ನಾನು ಚಾಕುವನ್ನು ನನ್ನ ಬಲಕ್ಕೆ ವಾಲಿಸಿದರೆ ನೀನು ನಿನ್ನ ಎಡಕ್ಕೆ. ನಾನು ಬಲಗಡೆಯ ಹಲ್ಲು ಕೆತ್ತಿ ಮುಗಿಸುವಷ್ಟರಲ್ಲಿ ನಿನ್ನ ಕೈಯಲ್ಲಿ ಅದರ ಎಡಗಡೆಯ ಜೋಡಿ ತಯಾರಾಗಿರುತ್ತಿತ್ತು. ನಾವಿಬ್ಬರೂ ಅದನ್ನು ನೋಡಿ ಎಷ್ಟು ನಗುತ್ತಿದ್ದೆವು. ಡೆಂಟಲ್ ಕಾಲೇಜಿಗೆ ಹೋಗಿ ನೀನು ಸರಿಯಾಗಿಯೇ ಕಲಿತೆ. ಆದರೆ ಪರೀಕ್ಷೆಯ ಗಾಬರಿಯಲ್ಲಿ ಕೈ ಪುಸ್ತಕದ ಮಾತು ಕೇಳುವುದಿಲ್ಲ, ಹಳೆಯ ಸ್ಟೂಲಿಗೇ ಓಡುತ್ತದೆ. ಆದ್ದರಿಂದ ದಡ್ಡಿ ಗಿಡ್ಡಿ ಎಂದು ನಿನ್ನನ್ನು ನೀನೇ ಬೈದುಕೊಳ್ಳಬೇಡ. ಇಂಥ ತಪ್ಪು ಮಾಡಲು ನಮ್ಮ ಮನೆಯಲ್ಲೇ ಹುಟ್ಟಬೇಕು.

ಇನ್ನು ನನ್ನ ಸುದ್ದಿ. ಲ್ಯಾಬಿಗೆ ಹೊಸ ಯಂತ್ರ ಬರುತ್ತದೆ. ಕಂಪ್ಯೂಟರಿನಲ್ಲಿ ಹಲ್ಲು ಬರೆದುಕೊಟ್ಟರೆ ಸಾಕು, ಕಡೆಯುವ ಕೆಲಸ ಅದೇ ಮಾಡುತ್ತದಂತೆ. ಅದನ್ನು ಕಲಿತವರಿಗೆ ಆ ವಿಭಾಗ ವಹಿಸುತ್ತೇನೆ ಎಂದು ಸಾಹೇಬರು ಹೇಳಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು, ನಾನು ಕೈ ಎತ್ತಿಬಿಟ್ಟೆ. ನಿವೃತ್ತಿಯ ದಿನ ಎಣಿಸುತ್ತ ಕೂರುವುದಕ್ಕೆ ನನಗೆ ಇನ್ನೂ ಮನಸ್ಸಿಲ್ಲ. ಈಗ ವಾರಕ್ಕೆರಡು ಸಂಜೆ ಕ್ಲಾಸು. ಕಲಿಸುವ ಹುಡುಗಿ ನಿನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಮೊದಲ ಪರೀಕ್ಷೆಯಲ್ಲಿ ನಾನು ಬರೆದ ಹಲ್ಲನ್ನು ಅವಳು ಪರದೆಯ ಮೇಲೆ ತಿರುಗಿಸಿ ನೋಡಿ, ಬಹಳ ಸಂಕೋಚದಿಂದ, "ಆಂಟಿ, ಈ ಹಲ್ಲಿಟ್ರೆ ಅವ್ರಿಗೆ ಬಾಯಿ ಮುಚ್ಚೋಕಾಗಲ್ಲ" ಅಂದಳು. ಮನೆಗೆ ಬಂದು ಹೇಳಿದರೆ ನಿನ್ನ ಅಪ್ಪ, "ನಿನ್ನ ಬಾಯಿದೇ ಅಳತೆ ತಗೊಂಡು ಮಾಡಿರಬೇಕು" ಎಂದು ನನ್ನನ್ನು ನೋಡಿ ನಕ್ಕರು.

ಹೌದು, ಫೇಲಾದೆ. ಇಡೀ ಕ್ಲಾಸಿನಲ್ಲಿ ನಾನೊಬ್ಬಳೇ. ಆ ಸಂಜೆ ಬಸ್ಸಿನಲ್ಲಿ ಮುಖ ಕಿಟಕಿಯ ಕಡೆಗೆ ಮಾಡಿಕೊಂಡು ಬಂದೆ. ಆಮೇಲೆ ಆ ಹುಡುಗಿಯನ್ನೇ ಕೇಳಿದೆ, ಎಲ್ಲಿ ತಪ್ಪಿತು ತೋರಿಸಮ್ಮಾ ಎಂದು. ಕೈಗೆ ಸಿಗುವ ಹಲ್ಲಾದರೆ ಎರಡು ದವಡೆಯ ಅಚ್ಚು ಕೂಡಿಸಿ ಕಚ್ಚಿಸಿ ನೋಡುತ್ತೇನೆ, ಪರದೆಯಲ್ಲಿ ಅದನ್ನು ಮರೆತಿದ್ದೆ. ಈಗ ಕ್ಲಾಸು ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತು ಅದೊಂದನ್ನೇ ಅಭ್ಯಾಸ ಮಾಡುತ್ತೇನೆ. ಮುಂದಿನ ತಿಂಗಳು ಮತ್ತೆ ಪರೀಕ್ಷೆ. ಏನಾಗುತ್ತದೋ ನೋಡೋಣ.

ನೀನೂ ಹಾಗೇ ಮಾಡು. ನಿನ್ನ ಮೇಷ್ಟರ ಹತ್ತಿರ ಹೋಗಿ, ಅಳದೆ, ಎಲ್ಲಿ ತಪ್ಪಿತು ಎಂದು ಕೇಳು. ಮೇಣದ ಮೇಲೆ ಚಾಕು ಇಡುವ ಮೊದಲು ನಿನ್ನ ಕೆನ್ನೆಯನ್ನೇ ಮುಟ್ಟಿ ನೋಡಿಕೋ, ಯಾವ ಕಡೆ ಎಂದು. ಯಾರಾದರೂ ನಕ್ಕರೆ ನಗಲಿ. ಹಲ್ಲು ಕಟ್ಟುವವಳ ಮಗಳು ಹಲ್ಲಿನಲ್ಲೇ ಫೇಲ್ ಎಂದು ಆಡಿಕೊಳ್ಳುತ್ತಾರೆ ಎಂದಿದ್ದೀಯ. ಎಷ್ಟು ದಿನ ಆಡಿಕೊಂಡಾರು? ಅವರಿಗೂ ಓದುವುದಿದೆ. ಗೆಳತಿಯರೆಲ್ಲ ಮುಂದಿನ ತರಗತಿಗೆ ಹೋದರು ಎಂದು ನಿನಗೆ ಸಂಕಟವಾಗುವುದು ನನಗೆ ತಿಳಿಯುತ್ತದೆ. ಆದರೆ ಮರುಪರೀಕ್ಷೆಗೆ ಈ ತಿಂಗಳ ಕೊನೆಯೊಳಗೆ ಹೆಸರು ಕೊಡಬೇಕಲ್ಲ, ಅದನ್ನು ಬಿಟ್ಟು ಕಾಲೇಜನ್ನೇ ಬಿಡುತ್ತೇನೆ ಎನ್ನುವುದು ಸರಿಯಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ಮೂಗು ಮಾಡಿಕೊಡಲು ನನಗೆ ಬರುವುದಿಲ್ಲ, ಬರುವುದು ಹಲ್ಲು ಮಾತ್ರ.

ಹೊತ್ತುಹೊತ್ತಿಗೆ ಊಟ ಮಾಡು, ಕೋಣೆಯ ಕಿಟಕಿ ತೆಗೆದಿಡು. ನಿನಗೆ ಒಳ್ಳೆಯದೇ ಆಗುತ್ತದೆ, ನನ್ನ ಮನಸ್ಸು ಹೇಳುತ್ತಿದೆ.

ಸದಾ ನಿನ್ನನ್ನೇ ನೆನೆಯುವ,
ಅಮ್ಮ

ಮತ್ತೊಂದು ಮಾತು: ಉತ್ತರ ತಡವಾದದ್ದು ಕೆಲಸದಿಂದಲ್ಲ. ನಿನ್ನ ಪತ್ರದ ಕೊನೆಯಲ್ಲಿ, "ಇನ್ನೇನು, ನಾನೂ ನಿನ್ನ ಹಾಗೆ ಮೂಲೇಲಿ ಕೂತು ಮೇಣ ಕೆರ್ಕೊಂಡು ಬಿದ್ದಿರೋದೇ ಗತಿ" ಎಂದು ಬರೆದಿದ್ದೀಯಲ್ಲ, ಅದರಿಂದ ನನಗೆ ತುಂಬ ನೋವಾಯಿತು. ಅಪ್ಪನಿಗೆ ಪತ್ರ ಓದಿ ಹೇಳುವಾಗ ಆ ಸಾಲನ್ನು ಬಿಟ್ಟು ಓದಿದೆ. ದುಃಖದಲ್ಲಿ ಬಂದ ಮಾತು ಎಂದು ಗೊತ್ತು, ಆದರೂ ಹೇಳದೆ ಇರಲು ಆಗಲಿಲ್ಲ. ಆ ಮೂಲೆ ಸೋತವರು ಬಂದು ಬೀಳುವ ಜಾಗವಲ್ಲ ಪುಟ್ಟೀ, ನಾನು ಇಷ್ಟಪಟ್ಟು ದುಡಿದು ಗಳಿಸಿದ ಜಾಗ. ಕಾಲೇಜು ಬಿಟ್ಟು ಓಡಿಬಂದರೆ ಅಲ್ಲಿ ನಿನಗೆ ಸ್ಟೂಲಿಲ್ಲ. ಪರೀಕ್ಷೆ ಬರೆದು ಬಾ, ಪಾಸೋ ಫೇಲೋ ಆಮೇಲಿನ ಮಾತು. ಆ ಸ್ಟೂಲನ್ನು ಮೇಜಿನ ಈಚೆಗೆ ಎಳೆದಿಟ್ಟಿರುತ್ತೇನೆ. ಈ ಸಲ ಎದುರಿಗೆ ಬೇಡ, ನನ್ನ ಪಕ್ಕದಲ್ಲೇ ಕೂರು.