ಹಂದರದ ಹಿಂದೆ ಎರಡು ಬೆರಳು

ಅಕ್ಟೋಬರ್ ೧೨, ಭಾನುವಾರ

ಮೂರು ವಾರ ಗೀಚಿ, ಕೊಯ್ದು, ಜೋಡಿಸಿದ ಮಲ್ಲಿಗೆ ಬಳ್ಳಿಯ ಹಂದರವನ್ನು ಇವತ್ತು ಹಿತ್ತಿಲ ಗೋಡೆಗೆ ಬಡಿದೆ. ಮರದ ಪಟ್ಟಿಗಳು ಹಲ್ಲಿಯಂತೆ ಗೋಡೆಗೆ ಅಂಟಿಕೊಂಡವು. ಬಳ್ಳಿ ಹಿಂದೆ ನುಸುಳಿ ಸುತ್ತಿಕೊಳ್ಳಲು ಜಾಗವೇ ಇಲ್ಲ. ಹಂದರ ಸುಂದರ, ಇಲ್ಲ ಅಂತರ.

ಮಾವ ಕುರ್ಚಿಯಿಂದಲೇ ನೋಡುತ್ತಿದ್ದರು. ನಲವತ್ತು ವರ್ಷ ಬಡಗಿಯಾಗಿದ್ದವರು. ಬಲಗೈ ನಡುಗತೊಡಗಿದ ಮೇಲೆ ಎಂಟು ತಿಂಗಳಿಂದ ಗರಗಸ ಮುಟ್ಟಿಲ್ಲ, ಮಾತೂ ಕಮ್ಮಿ.

"ಏನಪ್ಪಾ ಅಳಿಯ, ಬಳ್ಳಿ ಗೋಡೆ ಕೊರ್ಕೊಂಡು ಹೋಗ್ಬೇಕಾ?"

"ಏನ್ ಮಾಡ್ಲಿ ಮಾವ, ನೀವೇ ಹೇಳಿ."

"ಹೇಳೋದೇನು, ಸರಿ ಆ ಕಡೆ."

ಎದ್ದು ಬಂದೇಬಿಟ್ಟರು. ಮಿಕ್ಕಿದ್ದ ಪಟ್ಟಿಯನ್ನು ನಾನು ಹಿಡಿದುಕೊಂಡೆ, ಅವರು ಕೊಯ್ದರು. ಗೆರೆ ಒಂದು ಕಡೆ, ಗರಗಸ ಒಂದು ಕಡೆ. ಆರು ತುಂಡುಗಳಲ್ಲಿ ಎರಡು ಸೊಟ್ಟ. ಹಂದರ ಕಿತ್ತು, ಆರನ್ನೂ ಅದಕ್ಕೂ ಗೋಡೆಗೂ ನಡುವೆ ಇಟ್ಟು ಮತ್ತೆ ಬಡಿದಾಗ ಎರಡು ಬೆರಳಿನಷ್ಟು ಸಂದು ಸಿಕ್ಕಿತು. ಅದರಲ್ಲಿ ನಡುಗುವ ಕೈಯನ್ನೇ ತೂರಿಸಿ ನೋಡಿ, "ಈಗ ಹಬ್ಬುತ್ತೆ ಬಿಡು" ಎಂದರು.

"ಅಪ್ಪ ಯಾರನ್ನಾದ್ರೂ ಬೈದು ಎಷ್ಟು ದಿನ ಆಗಿತ್ತು!" ಎಂದು ನನ್ನ ಹೆಂಡತಿ ಕಣ್ಣೊರೆಸಿಕೊಂಡಳು.

ತಪ್ಪು ಮಾಡಿ ನಾನು ಇಷ್ಟು ಹಿಗ್ಗಿದ್ದು ಇದೇ ಮೊದಲು. ಊಟ ಮಾಡುವಾಗ ಮಾವ, ಗೇಟು ಕಿರ್ರೆನ್ನುತ್ತದೆ, ನಾಳೆ ನೋಡೋಣ ಎಂದರು. ನನಗೆಂದೂ ಕೇಳಿಸಿಲ್ಲ. "ಹೌದು ಮಾವ, ವಿಪರೀತ" ಎಂದೆ.