ಅಂಟು ಹಾಕಿದ ಪೆಟ್ಟಿಗೆ

ಭಾನುವಾರ, ಕಿಟಕಿಯ ಪಕ್ಕ

ಪ್ರೀತಿಯ ತಿರುಪಣ್ಣನಿಗೆ,

ಒಂದು ವಿಷಯ ನಿನ್ನೆ ಫೋನಿನಲ್ಲಿ ಹೇಳಲು ಹೊರಟಿದ್ದೆ, ಅಷ್ಟರಲ್ಲಿ ನಿನಗೆ ಮೀಟಿಂಗ್ ಬಂತು. ಕೆಟ್ಟು ಕೂತ ನಿಮ್ಮ ಕಂಪನಿಯ ವಿಡಿಯೋ ಗೇಮ್ ಪೆಟ್ಟಿಗೆಯನ್ನು ರಿಪೇರಿಯವನು ತಿರುವಿ ಮುರುವಿ ನೋಡಿದ. "ಒಂದೂ ತಿರುಪಿಲ್ಲ ಸಾರ್, ಪೂರ್ತಿ ಅಂಟು. ಕಿತ್ರೆ ಒಳಗಿರೋದೆಲ್ಲ ಹೋಗುತ್ತೆ. ಯಾವ ಪುಣ್ಯಾತ್ಮ ಮಾಡಿದ್ನೋ" ಎಂದ. ಆ ಪುಣ್ಯಾತ್ಮ ನನ್ನ ಹೆಂಡತಿಯ ತಮ್ಮ ಎನ್ನದೆ ಪೆಟ್ಟಿಗೆ ಎತ್ತಿಕೊಂಡು ಮನೆಗೆ ಬಂದೆ.

ಒಳಗಿರುವುದು ನಿನ್ನ ಅಕ್ಕ ವರ್ಷಗಟ್ಟಲೆ ಬೆಳೆಸಿದ ಆಟದ ತೋಟ. ಅವಳು ಹೋದ ಮೇಲೆ ಸಂಜೆ ಹಾಕಿಕೊಂಡು ಕೂರುತ್ತಿದ್ದೆ. ನನಗೆ ಆಡಲು ಬರುವುದಿಲ್ಲ, ಸುಮ್ಮನೆ ನೋಡುವುದು. ಬೇಲಿ ಪಕ್ಕ ಅವಳ ಬೊಂಬೆ ನೀರಿನ ಡಬ್ಬ ಹಿಡಿದು ನಿಂತಿರುತ್ತಿತ್ತು.

ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತೀಯೆಂದು ನಿನಗೆ ತಿರುಪಣ್ಣ ಅಂತ ಹೆಸರಿಟ್ಟವಳೂ ಅವಳೇ. ನೀನು ಬರೀ ಎಂಜಿನಿಯರ್ ಆಗಿದ್ದಾಗ, ಅಕ್ಕನ ಬೆರಳು ಸರಿಯಾಗಿ ಮಡಚುವುದಿಲ್ಲ ಅಂತ ನಮ್ಮ ಅಡುಗೆಮನೆಯಲ್ಲಿ ಹಿಟ್ಟಿನ ಉಂಡೆಯನ್ನು ಅವಳ ಅಂಗೈಗೆ ಒತ್ತಿ, ಆ ಅಚ್ಚಿನಿಂದಲೇ ಕಂಪನಿಯ ಆಟದ ಹಿಡಿಕೆ ಮಾಡಿದೆ. "ಹಿಟ್ಟು ಹಾಳ್ಮಾಡ್ಬೇಡ್ವೋ, ರಾತ್ರಿ ನಿಂಗೆ ಇದನ್ನೇ ಬೇಯ್ಸಿ ಹಾಕ್ತೀನಿ" ಅಂತ ಬೈದಳು. ಕೊಂಡವನು ಬಿಚ್ಚಿ ನೋಡಲಾಗದ ಯಂತ್ರ ಯಂತ್ರವೇ ಅಲ್ಲ ಎನ್ನುತ್ತಿದ್ದೆ ನೀನು ಆಗ. ಆಮೇಲೆ ಕೋಟು ಬಂತು, ಗಾಜಿನ ಕೋಣೆ ಬಂತು, ಅಂಟು ಬಂತು. ವೇದಿಕೆ ಹತ್ತಿ 'ಸೀಮ್‌ಲೆಸ್' ಅಂದೆ. ನಾನು ಡಿಕ್ಷನರಿ ತೆಗೆದೆ, ಹೊಲಿಗೆಯಿಲ್ಲದ್ದಂತೆ. ಬಾಯಿ ಹೊಲಿದಿಟ್ಟು ಹೊಲಿಗೆಯಿಲ್ಲ ಎನ್ನುವುದು. ಜನ ಚಪ್ಪಾಳೆ ತಟ್ಟಿದರು, ನಾನು ಟಿವಿ ಆರಿಸಿದೆ. ನಿನ್ನೆ ಬೇರೆ, "ಬಿಚ್ಚೋ ಹಾಗಿದ್ರೆ ಹೊಸದು ಯಾರು ತಗೋತಾರೆ ಭಾವ" ಅಂತ ನಕ್ಕೆ. ಆ ನಗು ಇನ್ನೂ ಕಿವಿಯಲ್ಲಿ ಎಣ್ಣೆ ಜಿಡ್ಡಿನ ಹಾಗೆ ಅಂಟಿದೆ.

ಇಂಗ್ಲಿಷಿನಲ್ಲೇ ಬರೆದು ಆಫೀಸಿಗೆ ಕಳಿಸೋಣವೆಂದು ಕೂತಿದ್ದೆ. 'ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು' ತನಕ ಬಂತು. ಮುಂದೆ ಏನು ಬೇಡಲು ಕಾಲೇಜಿನಲ್ಲಿ ಕಲಿಸಿದ್ದರೋ ಮರೆತಿದೆ. ನಿನ್ನನ್ನು ಬೇಡುವುದೂ ಒಂದು ಹೇಸಿಗೆಯೇ.

ಪೆಟ್ಟಿಗೆ ಕೆಟ್ಟಿತೆಂದಾಗ ಕಳೆದ ವಾರ ನಿನ್ನ ಸೆಕ್ರೆಟರಿ ಕಳಿಸಿದ ಹೊಸದರಲ್ಲಿ ಅವಳ ತೋಟದ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಕಸಕ್ಕೆ ಹಾಕಿದೆ. ಹಳೆಯದರ ಅಂಟು ಎಲ್ಲಿ ಸಡಿಲವೆಂದು ನಿನಗೆ ಗೊತ್ತಿರಲೇಬೇಕು. ಕೋಟು ಅಲ್ಲೇ ಬಿಟ್ಟು, ನೀನೇ ಬಂದು ಬಿಚ್ಚು.

ಬರೆದದ್ದು ನನಗೇ ಕಾಣಿಸುತ್ತಿಲ್ಲ, ಬೆಳಕು ಹೋಗುತ್ತಿದೆ.

ಇನ್ನೂ ನಿನ್ನ ಭಾವನೇ ಆಗಿರುವ,
ಭಾವ

ಮರೆತಿದ್ದೆ: ಕಸಕ್ಕೆ ಹಾಕಿದ್ದು ಪೆಟ್ಟಿಗೆಯನ್ನು ಮಾತ್ರ. ಅದರ ಹಿಡಿಕೆ ಇಟ್ಟುಕೊಂಡಿದ್ದೇನೆ. ಎಲ್ಲ ಬದಲಾಯಿಸಿದವನು ಅವಳ ಅಂಗೈಯ ಆ ಅಚ್ಚನ್ನು ಬದಲಾಯಿಸಿಲ್ಲ ನೀನು. ಈಗ ಸಂಜೆ ಅದನ್ನೇ ಹಿಡಿದುಕೊಂಡು ಕೂರುತ್ತೇನೆ.